ನ್ಯಾಸದ ಕಾವಲು

2021ನೆಯ ಇಸವಿ ಜೂನ್ ತಿಂಗಳ 23ನೆಯ ತಾರೀಖು. ಅಂದೂ ಅದರ ಮರುದಿನವೂ ಹಲವು ದೇಶಗಳ ಗೃಹಸ್ಥರು, ತಮ್ಮ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ದುಡಿಯುತ್ತಿದ್ದ ಒಂದು ಪುಟ್ಟ ಪೆಟ್ಟಿಗೆಯನ್ನು ಕಂಪ್ಯೂಟರಿನ ಮೂಲಕ ತೆರೆದು ನೋಡಿ ದಿಗ್ಭ್ರಮೆಗೊಂಡರು. ದಪ್ಪ ಗ್ರಂಥವೊಂದನ್ನು ನೆಟ್ಟಗೆ ನಿಲ್ಲಿಸಿದಂತಿದ್ದ ಆ ಪೆಟ್ಟಿಗೆಯ ಹೆಸರು ‘ಮೈ ಬುಕ್ ಲೈವ್’. ಅಮೆರಿಕದ ವೆಸ್ಟರ್ನ್ ಡಿಜಿಟಲ್ ಕಂಪನಿ ಅದನ್ನು 2010ರಲ್ಲಿ ಮಾರುಕಟ್ಟೆಗೆ ತಂದಿತ್ತು. ಮಕ್ಕಳ ತೊಟ್ಟಿಲ ದಿನಗಳ ಭಾವಚಿತ್ರಗಳು, ಮದುವೆಯ ವಿಡಿಯೋಗಳು, ಕಾಲವಾದ ಹಿರಿಯರ ಧ್ವನಿ, ಕಚೇರಿಯ ಲೆಕ್ಕಪತ್ರ, ಹೀಗೆ ಬೆಲೆ ಕಟ್ಟಲಾಗದ ವಸ್ತುಗಳನ್ನು ಅಂಥ ಪೆಟ್ಟಿಗೆಯ ಒಡಲಿಗೆ ಒಪ್ಪಿಸಿ ಜನ ನಿಶ್ಚಿಂತರಾಗಿದ್ದರು. ಈಗ ಫೋಲ್ಡರುಗಳ ಹೆಸರುಗಳು ಇದ್ದಲ್ಲಿಯೇ ಇದ್ದುವು. ಅವುಗಳ ಒಳಗೆ ಮಾತ್ರ ಏನೂ ಉಳಿದಿರಲಿಲ್ಲ. ಕಾರಣವನ್ನು ವಿಚಾರಿಸೋಣವೆಂದು ಪೆಟ್ಟಿಗೆಗೆ ಪಾಸ್‌ವರ್ಡ್ ಕೊಟ್ಟರೆ, ತಾವೇ ಇಟ್ಟಿದ್ದ ಪಾಸ್‌ವರ್ಡನ್ನು ಅದು ಒಪ್ಪಲಿಲ್ಲವೆಂದು ಕೆಲವರು ದೂರಿದರು. ಮನೆಯೊಡೆಯನನ್ನು ಮನೆಯ ಬಾಗಿಲೇ ‘ನೀನಾರು?’ ಎಂದು ಕೇಳಿದಂತಾಯಿತು.

ನಡೆದದ್ದೇನು?

ಕಾವಲುಗಾರನಿಲ್ಲದ ಹತ್ತು ವರ್ಷ

ದೂರದಲ್ಲೆಲ್ಲೋ ಕುಳಿತಿದ್ದ ಅಪರಿಚಿತರು ಆ ಪೆಟ್ಟಿಗೆಗಳಿಗೆ ಇಂಟರ್‌ನೆಟ್ ಮೂಲಕ ಒಂದು ಆಜ್ಞೆಯನ್ನು ಕಳುಹಿಸಿದ್ದರು: ಕಾರ್ಖಾನೆಯಿಂದ ಹೊರಟ ದಿನ ಹೇಗಿದ್ದೆಯೋ ಹಾಗಾಗು, ಎಂದು. ಪೆಟ್ಟಿಗೆ ವಿಧೇಯವಾಗಿ ಹಾಗೆಯೇ ಆಯಿತು. ಹೊಸ ಪೆಟ್ಟಿಗೆಯಲ್ಲಿ ಯಾರ ಭಾವಚಿತ್ರವೂ ಇರುವುದಿಲ್ಲವಲ್ಲ!

ಇಂಥ ಆಜ್ಞೆಯನ್ನು ಪಾಲಿಸುವ ಮೊದಲು ‘ಹೇಳುತ್ತಿರುವವನು ಯಜಮಾನನೇ?’ ಎಂದು ಪರೀಕ್ಷಿಸಬೇಕಲ್ಲವೇ? ಆ ಪರೀಕ್ಷೆ ಪೆಟ್ಟಿಗೆಯ ಕಾರ್ಯಕ್ರಮದಲ್ಲಿ ಮೊದಲು ಇದ್ದೇ ಇತ್ತು. ಆಗ ಒಂದೊಂದು ಬಾಗಿಲಿಗೂ ಅದರದರ ಕಾವಲುಗಾರನಿದ್ದನು. 2011ನೆಯ ಏಪ್ರಿಲ್‌ನಲ್ಲಿ ಕಂಪನಿಯ ಎಂಜಿನಿಯರುಗಳು ಈ ವ್ಯವಸ್ಥೆಯನ್ನು ಚೊಕ್ಕಟಗೊಳಿಸಲು ಹೊರಟರು. ಯಾವ ಬಾಗಿಲಿನಲ್ಲಿ ಯಾವ ಗುರುತು ಕೇಳಬೇಕೆಂಬುದನ್ನು ಒಂದೇ ಪಟ್ಟಿಯಲ್ಲಿ ಬರೆದಿಟ್ಟು, ಹಳೆಯ ಬಿಡಿ ಕಾವಲುಗಾರರನ್ನು ಕೆಲಸದಿಂದ ಬಿಡಿಸುವುದು ಅವರ ಯೋಜನೆ. ಯೋಜನೆ ಒಳ್ಳೆಯದೇ. ‘ಕಾರ್ಖಾನೆಯ ಸ್ಥಿತಿಗೆ ಮರಳು’ ಎಂಬ ಬಾಗಿಲಿನ ಹಳೆಯ ಕಾವಲುಗಾರನನ್ನು ಯೋಜನೆಯಂತೆಯೇ ಬಿಡಿಸಿದರು. ಆದರೆ ಹೊಸ ಪಟ್ಟಿಯಲ್ಲಿ ಆ ಬಾಗಿಲಿಗೆ ಬೇಕಾದ ಗುರುತನ್ನು ಬರೆಯುವುದು ಬಿಟ್ಟುಹೋಯಿತು. ಅಂದಿನಿಂದ ಹತ್ತು ವರ್ಷ ಆ ಬಾಗಿಲು ಹೇಳುವವರು ಕೇಳುವವರಿಲ್ಲದೆ ತೆರೆದುಕೊಂಡಿತ್ತು. ದುರಂತದ ಬಳಿಕ ಕಂಪನಿಯೇ ವಿಚಾರಣೆ ನಡೆಸಿ ಪ್ರಕಟಿಸಿದ ಸಂಗತಿಯಿದು.

ಈ ನಡುವೆ 2015ರಲ್ಲಿ ಆ ಪೆಟ್ಟಿಗೆಗೆ ಕೊನೆಯ ತಿದ್ದುಪಡಿ ಬಂದು ನಿಂತಿತು. 2018ರಲ್ಲಿ ಅಪರಿಚಿತರು ಪೆಟ್ಟಿಗೆಯನ್ನು ಮನಬಂದಂತೆ ನಡೆಸಬಹುದಾದ ಇನ್ನೊಂದು ದೋಷ ಬಯಲಿಗೆ ಬಂದರೂ, ಅಷ್ಟರಲ್ಲಿ ಅದು ಹಳೆಯ ಮಾಲಾಗಿದ್ದುದರಿಂದ ಮದ್ದು ದೊರೆಯಲಿಲ್ಲ. ಇಂಟರ್‌ನೆಟ್ಟಿನಿಂದ ನೇರವಾಗಿ ತಲುಪಬಹುದಾಗಿದ್ದ ಪೆಟ್ಟಿಗೆಗಳೇ ಈ ದಾಳಿಗೆ ತುತ್ತಾದುವು. ಕಳೆದುಹೋದುದನ್ನು ಮರಳಿ ಪಡೆಯಲು ಯತ್ನಿಸುವವರಿಗೆ ತಾನು ನೆರವಾಗುವುದಾಗಿ ಕಂಪನಿ ಪ್ರಕಟಿಸಿ, ಜುಲೈ ತಿಂಗಳಿನಿಂದ ಆ ಏರ್ಪಾಡನ್ನು ಮಾಡಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಾಸ್‌ವರ್ಡ್ ಬಲವಾಗಿರಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ. ಇಲ್ಲಿ ಕಳೆದುಕೊಂಡವರ ಪಾಸ್‌ವರ್ಡುಗಳು ಎಷ್ಟೇ ಬಲವಾಗಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಕೇಳುವವನೇ ಇಲ್ಲದ ಬಾಗಿಲಿನಲ್ಲಿ ಮುದ್ರೆಯ ಬಲವೇನು? ಯಾವ ಯಾವ ಬಾಗಿಲುಗಳಿವೆ, ಅಲ್ಲಿ ಯಾರು ಬಂದು ಹೋಗಬಹುದು ಎಂಬ ಪಟ್ಟಿಯನ್ನು ಎಚ್ಚರದಿಂದ ಇಟ್ಟುಕೊಂಡು ಬರುವವನೊಬ್ಬನು ಬೇಕು. ಕಾವಲೆಂದರೆ ಒಮ್ಮೆ ಹಾಕಿ ಮರೆಯುವ ಬೀಗವಲ್ಲ. ಅದು ದಿನದಿನದ ಆಡಳಿತ.

ಹೆಸರಿನಲ್ಲಿಯೇ ಇರುವ ಅರ್ಥ

ಇಂಥ ಪೆಟ್ಟಿಗೆಗಳನ್ನು ಇಂಗ್ಲಿಷಿನಲ್ಲಿ ‘ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್’ ಎನ್ನುತ್ತಾರೆ. ಮೊದಲಕ್ಷರಗಳನ್ನು ಕೂಡಿಸಿ ಬಳಕೆಯಲ್ಲಿ ‘ನ್ಯಾಸ್’ ಎಂದು ಕರೆಯುತ್ತಾರೆ. ಒಂದೋ ನಾಲ್ಕೋ ಡಿಸ್ಕುಗಳು, ಅವುಗಳನ್ನು ನಡೆಸುವ ಒಂದು ಚಿಕ್ಕ ಕಂಪ್ಯೂಟರು, ಜಾಲಕ್ಕೆ ಸೇರಿಸುವ ಒಂದು ತಂತಿ, ಇಷ್ಟೇ ಅದರ ಅಂಗಾಂಗ. ಮನೆಯ ಅಥವಾ ಕಚೇರಿಯ ಎಲ್ಲ ಕಂಪ್ಯೂಟರುಗಳೂ ಫೋನುಗಳೂ ತಮ್ಮ ತಮ್ಮ ಕಡತಗಳನ್ನು ಅದರಲ್ಲಿಟ್ಟು ಬೇಕಾದಾಗ ಪಡೆಯುತ್ತವೆ. ಭಾವಚಿತ್ರಗಾರನ ಅಂಗಡಿ, ಲೆಕ್ಕಪರಿಶೋಧಕರ ಕಚೇರಿ, ಶಾಲೆ, ಆಸ್ಪತ್ರೆ, ಎಲ್ಲೆಡೆಯೂ ಇಂದು ಇದರ ಬಳಕೆಯಿದೆ.

ಕಾಕತಾಳೀಯವೆಂಬಂತೆ ಸಂಸ್ಕೃತದಲ್ಲಿಯೂ ‘ನ್ಯಾಸ’ವೆಂಬ ಶಬ್ದವಿದೆ. ಒಬ್ಬನು ಇನ್ನೊಬ್ಬನಲ್ಲಿ ನಂಬಿಕೆಯಿಂದ ಇಟ್ಟ ಒಡವೆಯೇ ನ್ಯಾಸ. ಅದನ್ನು ಕೆಡದಂತೆ ಕಾಪಾಡಿ, ಇಟ್ಟವನಿಗೇ ಹಿಂದಿರುಗಿಸುವುದು ಇಟ್ಟುಕೊಂಡವನ ಧರ್ಮವೆಂದು ನಮ್ಮ ಸ್ಮೃತಿಕಾರರು ವಿಧಿಸಿದ್ದಾರೆ. ಇಂಗ್ಲಿಷಿನ ನ್ಯಾಸಿಗೂ ಇದಕ್ಕೂ ಶಬ್ದಸಂಬಂಧ ಏನೇನೂ ಇಲ್ಲ. ಆದರೆ ಅರ್ಥಸಂಬಂಧವನ್ನು ಅಲ್ಲಗಳೆಯುವಂತಿಲ್ಲ. ಇಟ್ಟವನಿಗೇ ಹಿಂದಿರುಗಿಸಬೇಕಾದರೆ, ಬಂದು ಕೇಳುತ್ತಿರುವವನು ಇಟ್ಟವನೇ ಹೌದೋ ಅಲ್ಲವೋ ಎಂಬುದು ಮೊದಲು ತಿಳಿಯಬೇಕು. ಈ ಗುರುತಿನ ಪರೀಕ್ಷೆಯೇ ಪೆಟ್ಟಿಗೆಯ ಮೊದಲ ಕರ್ತವ್ಯ.

ಇದರ ಬೆನ್ನಿಗೇ ಎರಡನೆಯ ಪ್ರಶ್ನೆಯೊಂದು ಬರುತ್ತದೆ. ಬಂದವನು ಯಾರೆಂದು ಗೊತ್ತಾದ ಮೇಲೆ ಅವನು ಏನೇನು ಮಾಡಬಹುದು? ಅಂಗಡಿಯ ಗುಮಾಸ್ತನು ಅಂದಿನ ಬಿಲ್ಲುಗಳನ್ನು ಬರೆಯಬಹುದು. ಕಳೆದ ವರ್ಷದ ಲೆಕ್ಕವನ್ನು ಅಳಿಸುವಂತಿಲ್ಲ. ಮಗನು ಹಾಡುಗಳನ್ನು ಕೇಳಬಹುದು. ತಂದೆಯ ಆಸ್ತಿಪತ್ರಗಳನ್ನು ತೆರೆಯುವಂತಿಲ್ಲ. ಗುರುತು ಬೇರೆ, ಅಧಿಕಾರ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿ, ಪರಿಚಯದವರಿಗೆಲ್ಲ ಸರ್ವಾಧಿಕಾರ ಕೊಟ್ಟುಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಮುದ್ರೆಯೂ ಮನುಷ್ಯನೂ

ಯಂತ್ರಕ್ಕೆ ಮನುಷ್ಯನ ಮುಖದ ಪರಿಚಯವಿಲ್ಲ. ಅದು ಬಲ್ಲದ್ದು ಅವನು ತೋರಿಸುವ ಮುದ್ರೆಯನ್ನು ಮಾತ್ರ. ಮುದ್ರೆ ಸರಿಯಾಗಿದ್ದರೆ ತಂದವನು ಕಳ್ಳನಾದರೂ ಬಾಗಿಲು ತೆರೆಯುತ್ತದೆ. ಮುದ್ರೆ ತಪ್ಪಿದರೆ ಯಜಮಾನನೇ ಬಂದರೂ ಮುಚ್ಚಿಕೊಳ್ಳುತ್ತದೆ.

ಈ ಅಪಾಯವನ್ನು ವಿಶಾಖದತ್ತನ ‘ಮುದ್ರಾರಾಕ್ಷಸ’ಕ್ಕಿಂತ ಚೆನ್ನಾಗಿ ತೋರಿಸುವ ಕಥೆ ದುರ್ಲಭ. ನಂದರ ನಿಷ್ಠಾವಂತ ಮಂತ್ರಿ ರಾಕ್ಷಸನು ತನ್ನ ಹೆಂಡತಿ ಮಕ್ಕಳನ್ನು ಗೆಳೆಯನಾದ ಚಂದನದಾಸನ ಮನೆಯಲ್ಲಿ ಬಿಟ್ಟಿದ್ದನು. ಹೊರಗೆ ಬಂದ ಮಗುವನ್ನು ಒಳಗೆ ಎಳೆದುಕೊಳ್ಳುವಾಗ ಆ ಸಾಧ್ವಿಯ ಬೆರಳಿನಿಂದ ಗಂಡನ ಮುದ್ರೆಯುಂಗುರ ಜಾರಿ ಉರುಳಿ, ಚಾಣಕ್ಯನ ಗೂಢಚಾರನ ಕಾಲ ಬಳಿ ಬಿದ್ದಿತು. ಚಾಣಕ್ಯನು ಒಂದು ಕಪಟಪತ್ರವನ್ನು ಬರೆಸಿ ಅದಕ್ಕೆ ಆ ಮುದ್ರೆಯನ್ನೊತ್ತಿದನು. ಪತ್ರವನ್ನು ಕಂಡ ಮಲಯಕೇತು ರಾಕ್ಷಸನನ್ನು ದ್ರೋಹಿಯೆಂದು ನಂಬಿದನು. ಮುದ್ರೆ ನಿಜವೇ; ಮಾತು ಮಾತ್ರ ಸುಳ್ಳು. ಇಂದು ಪಾಸ್‌ವರ್ಡನ್ನು ಕದಿಯುವವರು ಮಾಡುವುದೂ ಇದನ್ನೇ. ಅವರು ಬೀಗವನ್ನು ಒಡೆಯುವುದಿಲ್ಲ. ಉಂಗುರ ಯಾವಾಗ ಜಾರೀತೆಂದು ಬಾಗಿಲ ಬಳಿ ಕಾದಿರುತ್ತಾರೆ.

ಮೊದಲ ಬೀಗ, ಮೊದಲ ಕಳವು

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದ ಬಗೆಯೂ ಸ್ವಾರಸ್ಯವಾಗಿದೆ. 1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು, ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಬಳಸುವ ‘ಸಿಟಿಎಸ್‌ಎಸ್’ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹಲವರ ಕಡತಗಳು ಒಂದೆಡೆ ಸೇರಿದ ಮೇಲೆ ಯಾರದು ಯಾರದೆಂದು ವಿಂಗಡಿಸಬೇಕಾಯಿತು. ಅದಕ್ಕಾಗಿ ಪಾಸ್‌ವರ್ಡ್ ಬಂದಿತು.

ಬೀಗದ ಹಿಂದೆಯೇ ಕಳವೂ ಬಂದಿತು. ಪ್ರತಿಯೊಬ್ಬನಿಗೂ ಕಂಪ್ಯೂಟರಿನ ಬಳಕೆಗೆ ಇಷ್ಟೇ ಹೊತ್ತೆಂದು ಗೊತ್ತುಮಾಡಿದ್ದರು. ಆ ಹೊತ್ತು ಸಾಲದೆಹೋದ ಅಲನ್ ಶೆರ್ ಎಂಬ ಸಂಶೋಧಕರು 1962ರಲ್ಲಿ ಪಾಸ್‌ವರ್ಡುಗಳ ಪಟ್ಟಿಯನ್ನೇ ಅಚ್ಚುಮಾಡಿಕೊಡುವಂತೆ ಯಂತ್ರಕ್ಕೆ ಕಾರ್ಡಿನ ಮೂಲಕ ಬಿನ್ನಹ ಮಾಡಿದರು. ಯಂತ್ರ ಅಚ್ಚುಮಾಡಿ ಕೊಟ್ಟಿತು! ಅದೇ ದಶಕದಲ್ಲಿ ಇನ್ನೊಂದು ಪ್ರಮಾದವೂ ನಡೆಯಿತು. ಒಬ್ಬ ಮೇಲ್ವಿಚಾರಕರು ಪಾಸ್‌ವರ್ಡುಗಳ ಪಟ್ಟಿಯನ್ನೂ ಮತ್ತೊಬ್ಬರು ದಿನದ ಪ್ರಕಟಣೆಯನ್ನೂ ಒಂದೇ ವೇಳೆಯಲ್ಲಿ ತಿದ್ದುತ್ತಿದ್ದಾಗ ಎರಡು ಕಡತಗಳೂ ಅದಲುಬದಲಾದುವು. ಅನಂತರ ಬಂದುಕುಳಿತವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳ ದರ್ಶನವಾಯಿತು.

ಪಾಸ್‌ವರ್ಡನ್ನು ಯಂತ್ರವು ಇದ್ದಂತೆಯೇ ಬರೆದಿಟ್ಟುಕೊಂಡಿದ್ದುದೇ ಇದಕ್ಕೆಲ್ಲ ಮೂಲವೆಂಬುದನ್ನು ಕೇಂಬ್ರಿಜ್ಜಿನ ರೋಜರ್ ನೀಡಮ್ ಮೊದಲಾದವರು 1960ರ ದಶಕದಲ್ಲಿಯೇ ಮನಗಂಡರು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು. ಹಿಟ್ಟನ್ನು ಮತ್ತೆ ಕಾಳು ಮಾಡಲಾಗದು. ಹಾಗೆಯೇ ಪಾಸ್‌ವರ್ಡನ್ನು ಗಣಿತದ ಬೀಸುವ ಕಲ್ಲಿಗೆ ಹಾಕಿ, ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳುವುದು ಅವರ ಉಪಾಯ. ಮರುದಿನ ಬಂದವನು ಹೇಳಿದ ಪದವನ್ನೂ ಬೀಸಿ ನೋಡಿ, ಎರಡು ಹಿಟ್ಟೂ ಒಂದೇ ಆದರೆ ಒಳಗೆ ಬಿಡಬಹುದು. ಪಟ್ಟಿಯನ್ನು ಕದ್ದವನಿಗೆ ಸಿಕ್ಕುವುದು ಹಿಟ್ಟು ಮಾತ್ರ.

ಆದರೂ ಕಳ್ಳನಿಗೊಂದು ದಾರಿ ಉಳಿಯಿತು. ಜನ ಇಡಬಹುದಾದ ಪದಗಳನ್ನು ತಾನೇ ಒಂದೊಂದಾಗಿ ಬೀಸಿ ಹೋಲಿಸಿ ನೋಡುವುದು. ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಕಣ್ಣು ತೆರೆಸಿತು. ಅವರು ಸಂಗ್ರಹಿಸಿದ 3,289 ಪಾಸ್‌ವರ್ಡುಗಳಲ್ಲಿ ನೂರಕ್ಕೆ 86ರಷ್ಟು ತೀರ ಗಿಡ್ಡವಾಗಿದ್ದುವು, ಇಲ್ಲವೆ ನಿಘಂಟಿನ ಪದಗಳೋ ಹೆಸರುಗಳೋ ಆಗಿ ಸುಲಭವಾಗಿ ಊಹಿಸುವಂತಿದ್ದುವು. ಒಂದೇ ಪದವಿಟ್ಟ ಇಬ್ಬರ ಹಿಟ್ಟೂ ಒಂದೇ ಆಗಬಾರದೆಂದು, ಬೀಸುವ ಮೊದಲು ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಿಯೊಂದನ್ನು ಬೆರೆಸುವ ಕ್ರಮವನ್ನು ಅವರು ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಉಪ್ಪು’. ರುಚಿ ನೋಡಿದವರಿಗೆ ಹೆಸರಿನ ಔಚಿತ್ಯ ತಿಳಿದೀತು.

ಒಂದೇ ಮನೆ, ಹಲವು ಬಾಗಿಲು

ನ್ಯಾಸ್ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಮರೆಯಬಾರದ ಮಾತೆಂದರೆ, ಅದಕ್ಕೆ ಒಂದೇ ಬಾಗಿಲಲ್ಲ. ಪೆಟ್ಟಿಗೆಯ ಆಡಳಿತಕ್ಕಾಗಿ ಬ್ರೌಸರಿನಲ್ಲಿ ತೆರೆಯುವ ಪುಟ ಒಂದು ಬಾಗಿಲು. ವಿಂಡೋಸ್ ಕಂಪ್ಯೂಟರುಗಳು ಕಡತಗಳಿಗಾಗಿ ಬರುವ ‘ಎಸ್‌ಎಂಬಿ’ ಎರಡನೆಯದು. ಯುನಿಕ್ಸ್ ಮತ್ತು ಲಿನಕ್ಸ್ ಬಳಗದ ‘ಎನ್‌ಎಫ್‌ಎಸ್’ ಮೂರನೆಯದು. ಫೋನಿನ ಆ್ಯಪುಗಳು ಬರುವ ದಾರಿ ಮತ್ತೊಂದು. ಇವುಗಳಲ್ಲಿ ಒಂದೊಂದರ ಕಾವಲೂ ಒಂದೊಂದು ತೆರ.

ಎಸ್‌ಎಂಬಿಯಲ್ಲಿ ಪಾಸ್‌ವರ್ಡು ತಂತಿಯ ಮೇಲೆ ಇದ್ದಂತೆಯೇ ಸಾಗುವುದಿಲ್ಲ. ಪೆಟ್ಟಿಗೆಯು ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಒಡ್ಡುತ್ತದೆ. ಬಂದವನು ಆ ಸಂಖ್ಯೆಯನ್ನೂ ತನ್ನ ಗುಟ್ಟನ್ನೂ ಕೂಡಿಸಿ ಲೆಕ್ಕ ಮಾಡಿ ಉತ್ತರ ಹೇಳಬೇಕು. ಒಗಟಿಗೆ ಬಿಡಿಸಿದ ಉತ್ತರವೇ ಗುರುತು. ನಡುವೆ ಕದ್ದು ಕೇಳಿದವನಿಗೆ ಗುಟ್ಟು ನೇರವಾಗಿ ಸಿಕ್ಕದು.

ಸನ್ ಕಂಪನಿ 1984ರಲ್ಲಿ ಹೊರತಂದ ಎನ್‌ಎಫ್‌ಎಸ್‌ನ ಸಾಂಪ್ರದಾಯಿಕ ಕ್ರಮ ಬೇರೆಯೇ. ಬಂದ ಕಂಪ್ಯೂಟರು ‘ನನ್ನ ಬಳಿ ಕುಳಿತಿರುವವನ ಸಂಖ್ಯೆ 1,000’ ಎಂದರೆ ಪೆಟ್ಟಿಗೆ ಅದನ್ನು ನಂಬಿಬಿಡುತ್ತದೆ. ಪಾಸ್‌ವರ್ಡಿನ ಪ್ರಸ್ತಾಪವೇ ಇಲ್ಲ! ಎಲ್ಲರೂ ಎಲ್ಲರಿಗೂ ಗೊತ್ತಿರುವ ಚಿಕ್ಕ ಹಳ್ಳಿಯಲ್ಲಿ ಇದು ನಡೆದೀತು, ಸಂತೆಯಲ್ಲಿ ನಡೆಯದು. ಆದುದರಿಂದಲೇ ಈ ಬಾಗಿಲನ್ನು ತೆರೆಯುವವರು ಯಾವ ಯಾವ ಕಂಪ್ಯೂಟರುಗಳು ಬರಬಹುದೆಂದು ವಿಳಾಸ ಸಹಿತ ಗೊತ್ತುಮಾಡಬೇಕು.

ದೊಡ್ಡ ಸಂಸ್ಥೆಗಳಿಗೆ ಎಂಐಟಿಯ ‘ಅಥೀನಾ’ ಯೋಜನೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ‘ಕರ್ಬರಾಸ್’ ಪದ್ಧತಿ ಹೆಚ್ಚು ಸೂಕ್ತ. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರನ್ನೇ ಅದಕ್ಕಿಟ್ಟರು. ಅಲ್ಲಿ ಎಲ್ಲರ ಗುರುತನ್ನೂ ಬಲ್ಲ ಒಂದೇ ಒಂದು ಕೇಂದ್ರವಿರುತ್ತದೆ. ಬೆಳಗ್ಗೆ ಒಮ್ಮೆ ಅಲ್ಲಿ ಗುರುತು ಹೇಳಿ ಟಿಕೆಟ್ಟು ಪಡೆದವನು, ಅದನ್ನು ತೋರಿಸಿ ಬೇರೆ ಬೇರೆ ಪೆಟ್ಟಿಗೆಗಳ ಒಳಗೆ ಹೋಗಬಹುದು. ಟಿಕೆಟ್ಟಿಗೆ ಕಾಲಮಿತಿಯಿದೆ. ಪೆಟ್ಟಿಗೆಯ ಗಡಿಯಾರಕ್ಕೂ ಕೇಂದ್ರದ ಗಡಿಯಾರಕ್ಕೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಗುರುತು ಒಪ್ಪಿಗೆಯಾಗುವುದಿಲ್ಲ. ಪಾಸ್‌ವರ್ಡು ಸರಿಯಾಗಿಯೇ ಇದ್ದು ಯಾರನ್ನೂ ಒಳಗೆ ಬಿಡದಿದ್ದರೆ, ಅನುಭವಿಗಳು ಮೊದಲು ಗಡಿಯಾರವನ್ನು ನೋಡುವುದು ಇದಕ್ಕಾಗಿಯೇ.

ಊರಿಗೆಲ್ಲ ಒಂದೇ ಬೀಗದ ಕೈ

ಪೆಟ್ಟಿಗೆ ಕೊಂಡ ದಿನ ತಯಾರಕರು ಹಾಕಿಕೊಟ್ಟ ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಬಹುಕಾಲ ಇದೇ ರೂಢಿಯಾಗಿತ್ತು. ಅಂದರೆ ಊರಿನ ಬೀಗಗಳಿಗೆಲ್ಲ ಒಂದೇ ಬೀಗದ ಕೈ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಕಾರ್ಯಕ್ರಮವು ಇಂಥ ಸುಮಾರು 60 ಹೆಸರು–ಪಾಸ್‌ವರ್ಡು ಜೋಡಿಗಳ ಪಟ್ಟಿಯನ್ನು ಹಿಡಿದು ಇಂಟರ್‌ನೆಟ್ಟಿನ ಬೀದಿಯಲ್ಲಿ ಹೊರಟಿತು. ಕಣ್ಗಾವಲು ಕ್ಯಾಮರಾಗಳು, ರೌಟರುಗಳು ಲಕ್ಷಗಟ್ಟಲೆಯಾಗಿ ಅದರ ವಶವಾದುವು. ಆ ಸೇನೆಯಿಂದ ಅಕ್ಟೋಬರ್ 21ರಂದು ಡೈನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳೂ ಹಲವು ಗಂಟೆಗಳ ಕಾಲ ಎಷ್ಟೋ ಜನರಿಗೆ ದೊರೆಯದಾದುವು.

ಆ ಬಳಿಕ ಸರ್ಕಾರಗಳು ಎಚ್ಚೆತ್ತುವು. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದಲೂ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದಲೂ ಕಾನೂನುಗಳು ಜಾರಿಗೆ ಬಂದಿವೆ. ಮಾರುವ ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡನ್ನು ಇಟ್ಟು ಕೊಡುವ ಪದ್ಧತಿಗೆ ಅವು ತಡೆಹಾಕಿವೆ. ಆದರೆ ಅದಕ್ಕಿಂತ ಮೊದಲು ಕೊಂಡ ಹಳೆಯ ಪೆಟ್ಟಿಗೆಗಳು ಮನೆಗಳಲ್ಲಿ ಇನ್ನೂ ಉರಿಯುತ್ತಲೇ ಇರುತ್ತವೆ. ಅವುಗಳ ಯಜಮಾನರು ಮಾಡಬೇಕಾದ ಮೊದಲ ಕೆಲಸವೆಂದರೆ ಬೇರೊಂದು ಹೆಸರಿನಲ್ಲಿ ಆಡಳಿತದ ಖಾತೆಯನ್ನು ತೆರೆದು, ‘ಅಡ್ಮಿನ್’ ಎಂಬ ಹುಟ್ಟುಹೆಸರಿನ ಖಾತೆಯನ್ನು ನಿಲ್ಲಿಸಿಬಿಡುವುದು. ಹೆಸರೂ ಗೊತ್ತಿಲ್ಲದ ಕಳ್ಳನಿಗೆ ಊಹಿಸಬೇಕಾದವು ಒಂದಲ್ಲ, ಎರಡಾಗುತ್ತವೆ. ಹಲವು ಸಲ ತಪ್ಪು ಹೇಳಿದ ವಿಳಾಸವನ್ನು ಕೆಲಕಾಲ ಹೊರಗಿಡುವ ಏರ್ಪಾಡು ಪೆಟ್ಟಿಗೆಯಲ್ಲಿದ್ದರೆ ಅದನ್ನೂ ಚಾಲೂ ಮಾಡಬೇಕು.

ಕಳ್ಳರ ಚಾತುರ್ಯವೂ ಕಡಮೆಯದಲ್ಲ. ತೈವಾನಿನ ಕ್ಯೂನ್ಯಾಪ್ ಕಂಪನಿಯ ಪೆಟ್ಟಿಗೆಗಳಿಗೆ ಅಂಟಿದ ‘ಕ್ಯೂಸ್ನ್ಯಾಚ್’ ಎಂಬ ಪಿಡುಗು 2020ರ ಜೂನ್ ಮಧ್ಯದ ವೇಳೆಗೆ ಜಗತ್ತಿನಲ್ಲಿ ಸುಮಾರು 62,000 ಪೆಟ್ಟಿಗೆಗಳಲ್ಲಿತ್ತೆಂದು ಅಮೆರಿಕ ಮತ್ತು ಬ್ರಿಟನ್ನಿನ ಸರ್ಕಾರಿ ಸಂಸ್ಥೆಗಳು ಎಚ್ಚರಿಕೆ ಕೊಟ್ಟುವು. ಅದು ಆಡಳಿತದ ಪುಟವನ್ನೇ ಹೋಲುವ ಸುಳ್ಳು ಪುಟವನ್ನು ಮುಂದಿಟ್ಟು, ಯಜಮಾನನು ಬರೆದ ಪಾಸ್‌ವರ್ಡನ್ನು ಗುಟ್ಟಾಗಿ ಬರೆದುಕೊಂಡು, ಅನಂತರ ನಿಜವಾದ ಪುಟಕ್ಕೆ ದಾಟಿಸುತ್ತಿತ್ತು. ದ್ವಾರಪಾಲಕನ ವೇಷದಲ್ಲಿ ಕಳ್ಳನೇ ನಿಂತ ಮೇಲೆ ಮುದ್ರೆಯನ್ನು ಎಷ್ಟು ಜೋಪಾನವಾಗಿಟ್ಟರೇನು?

ಉಂಗುರದ ಜೊತೆಗೊಂದು ಗುಟ್ಟು

ಈ ಚಿಂತೆಗೆ ಇಂದಿನವರು ಕಂಡ ಪರಿಹಾರ ಎರಡು ಬಗೆಯ ಗುರುತುಗಳನ್ನು ಒಟ್ಟಿಗೆ ಕೇಳುವುದು. ಒಂದು, ಮನಸ್ಸಿನಲ್ಲಿರುವ ಗುಟ್ಟು. ಇನ್ನೊಂದು, ಕೈಯಲ್ಲಿರುವ ವಸ್ತು. ಒಂದನ್ನು ಕದ್ದವನಿಗೆ ಇನ್ನೊಂದು ಸಿಕ್ಕಲಾರದೆಂಬುದು ತತ್ತ್ವ.

ವಾಲ್ಮೀಕಿ ರಾಮಾಯಣದ ಸುಂದರಕಾಂಡವನ್ನು ಓದಿದವರಿಗೆ ಇದು ಹೊಸತಲ್ಲ. ಹನುಮಂತನು ರಾಮನ ಉಂಗುರವನ್ನು ಸೀತೆಗೆ ತೋರಿಸಿದನು. ಸೀತೆ ಅವನನ್ನು ಹಿಂದಕ್ಕೆ ಕಳುಹಿಸುವಾಗ ಚೂಡಾಮಣಿಯನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಪೀಡಿಸಿದಾಗ ನಡೆದ, ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಪ್ರಸಂಗವನ್ನೂ ಹೇಳಿಕಳುಹಿಸಿದಳು. ಮಣಿಯನ್ನು ಯಾರಾದರೂ ಕಸಿದುಕೊಳ್ಳಬಹುದು. ಆ ನೆನಪನ್ನು ಕಸಿಯಬಲ್ಲವರಾರು?

ನ್ಯಾಸ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕೈಯಲ್ಲಿರುವ ವಸ್ತು ಫೋನು. ಪೆಟ್ಟಿಗೆಯೂ ಫೋನೂ ಮೊದಲ ದಿನ ಒಂದು ಗುಟ್ಟನ್ನು ಹಂಚಿಕೊಂಡಿರುತ್ತವೆ. ಆ ಗುಟ್ಟನ್ನೂ ಆ ಹೊತ್ತಿನ ಗಡಿಯಾರದ ಸಮಯವನ್ನೂ ಕೂಡಿಸಿ ಎರಡೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದಾಗ ಒಂದೇ 6 ಅಂಕಿಯ ಸಂಖ್ಯೆ ಬರುತ್ತದೆ. ಪ್ರತಿ 30 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ಇದಕ್ಕೆ ಫೋನಿನಲ್ಲಿ ಸಿಗ್ನಲ್ಲು ಕೂಡ ಬೇಡ. ಆದರೆ ಇಲ್ಲಿಯೂ ಬಾಗಿಲುಗಳ ಮಾತನ್ನು ಮರೆಯುವಂತಿಲ್ಲ. ಈ ಎರಡನೆಯ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಬ್ರೌಸರಿನ ಬಾಗಿಲಿನಲ್ಲಿ. ಎಸ್‌ಎಂಬಿಯ ಬಾಗಿಲಿನಲ್ಲಿ ಪಾಸ್‌ವರ್ಡೊಂದೇ ಸಾಕಾಗುತ್ತದೆ. ಆದುದರಿಂದ ಆ ಬಾಗಿಲನ್ನು ಇಂಟರ್‌ನೆಟ್ಟಿಗೆ ಎಂದೂ ತೆರೆಯಬಾರದು. ಹೊರಗಿನಿಂದ ಬಳಸಲೇಬೇಕಾದರೆ, ಮೊದಲು ‘ವಿಪಿಎನ್’ ಎಂಬ ಗುಪ್ತಮಾರ್ಗದಿಂದ ಮನೆಯ ಜಾಲದೊಳಕ್ಕೆ ಬಂದು, ಅನಂತರ ಪೆಟ್ಟಿಗೆಯ ಬಾಗಿಲು ತಟ್ಟುವುದು ಕ್ಷೇಮ.

ಪಾಸ್‌ವರ್ಡನ್ನು ಆಗಾಗ ಬದಲಾಯಿಸಬೇಕು, ಅದರಲ್ಲಿ ಚಿಹ್ನೆಗಳಿರಬೇಕು ಎಂಬ ಕಟ್ಟಳೆಗಳು ಈಗ ಸಡಿಲವಾಗಿವೆ. ಅಂಥ ನಿಯಮಗಳನ್ನು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಗಾಗಿ ಬರೆದ ಬಿಲ್ ಬರ್ ಎಂಬವರೇ 2017ರಲ್ಲಿ ಅದಕ್ಕಾಗಿ ವಿಷಾದಪಟ್ಟರು. ಅದೇ ವರ್ಷ ಆ ಸಂಸ್ಥೆ ಹೊರಡಿಸಿದ ಹೊಸ ಸೂತ್ರಗಳ ಪ್ರಕಾರ, ಬಯಲಾದ ಸೂಚನೆಯಿದ್ದರೆ ಹೊರತು ಪಾಸ್‌ವರ್ಡನ್ನು ಕಾಲಕಾಲಕ್ಕೆ ಬದಲಾಯಿಸೆಂದು ಒತ್ತಾಯಿಸಬೇಕಾಗಿಲ್ಲ, ಉದ್ದವಾಗಿರುವುದು ಮುಖ್ಯ, ಹಿಂದೆ ಕಳವಾಗಿ ಬೀದಿಗೆ ಬಂದ ಪಾಸ್‌ವರ್ಡುಗಳಲ್ಲಿ ಅದೂ ಒಂದಾಗಿರಬಾರದು. ಪದೇ ಪದೇ ಬದಲಾಯಿಸಬೇಕೆಂದರೆ ಜನ ಕೊನೆಯ ಅಂಕಿಯನ್ನು ಒಂದರಿಂದ ಎರಡಕ್ಕೆ ಏರಿಸಿ ಕೈತೊಳೆದುಕೊಳ್ಳುತ್ತಾರೆಂಬುದು ಅನುಭವದಿಂದ ತಿಳಿದಿತ್ತು.

ಹೆಸರುಗಳ ಪಟ್ಟಿ

ಇಷ್ಟೆಲ್ಲ ಆದ ಮೇಲೂ ಉಳಿಯುವ ಕೆಲಸ ಪಟ್ಟಿಯದು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುವುದು ಅನುಕೂಲವಾಗಿ ಕಂಡರೂ ಅಪಾಯಕರ. ಒಂದು ಕಡತ ಅಳಿಸಿಹೋದರೆ ಅಳಿಸಿದವರು ಯಾರೆಂದು ತಿಳಿಯದು. ಒಬ್ಬನನ್ನು ಬಿಡಿಸಬೇಕಾದರೆ ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಬೇಕು. ತಲೆಗೊಂದು ಖಾತೆ, ಕೆಲಸಕ್ಕೊಂದು ಗುಂಪು, ಗುಂಪಿಗೆ ತಕ್ಕ ಅಧಿಕಾರ, ಇದು ಉತ್ತಮ ಕ್ರಮ. ಆಡಳಿತದ ಖಾತೆಯನ್ನು ಆಡಳಿತಕ್ಕೆ ಮಾತ್ರ ಬಳಸಿ, ದಿನದ ಕೆಲಸಕ್ಕೆ ಯಜಮಾನನೂ ಸಾಮಾನ್ಯ ಖಾತೆಯಲ್ಲಿಯೇ ಬರಬೇಕು. ಹೆಸರು ಕೇಳದೆ ಒಳಗೆ ಬಿಡುವ ‘ಅತಿಥಿ’ಯ ಖಾತೆಯನ್ನು ಮುಚ್ಚಬೇಕು. ಕೆಲಸ ಬಿಟ್ಟುಹೋದವರ ಹೆಸರನ್ನು ಅವರು ಹೋದ ದಿನವೇ ನಿಲ್ಲಿಸಬೇಕು. ಹೋದವನು ಕೆಟ್ಟವನೆಂದಲ್ಲ, ಅವನು ಬಿಟ್ಟುಹೋದ ಮುದ್ರೆ ಯಾರ ಕಾಲ ಬಳಿ ಉರುಳೀತೆಂದು ಬಲ್ಲವರಿಲ್ಲ.

ತಯಾರಕರು ತಿದ್ದುಪಡಿ ಕಳುಹಿಸುವುದನ್ನು ನಿಲ್ಲಿಸಿದ ಪೆಟ್ಟಿಗೆಯನ್ನು ಇಂಟರ್‌ನೆಟ್ಟಿನಿಂದ ಬೇರ್ಪಡಿಸಬೇಕು. ಅಲ್ಲದೆ, ಎಂಥ ಪೆಟ್ಟಿಗೆಯೇ ಆಗಲಿ, ಅದರಲ್ಲಿರುವುದರ ಇನ್ನೊಂದು ಪ್ರತಿ ಜಾಲಕ್ಕೆ ಸೇರದ ಬೇರೊಂದು ಡಿಸ್ಕಿನಲ್ಲಿರಲೇಬೇಕು. ಕಾವಲು ಎಷ್ಟೇ ಚೆನ್ನಾಗಿದ್ದರೂ ತಪ್ಪಬಹುದು. ತಪ್ಪಿದ ದಿನ ಉಳಿಸುವುದು ಆ ಪ್ರತಿಯೊಂದೇ.

ಇನ್ನೊಂದು ಪ್ರಶ್ನೆಯನ್ನು ಬಹಳ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಪೆಟ್ಟಿಗೆಯನ್ನು ತಂದು, ಪಾಸ್‌ವರ್ಡು ಇಟ್ಟು, ಎಲ್ಲರ ಚಿತ್ರಗಳನ್ನೂ ಒಪ್ಪವಾಗಿ ಜೋಡಿಸಿದವನು ಒಬ್ಬನೇ. ಅವನು ಕಾಲವಾದರೆ? ಬಹಳಷ್ಟು ಪೆಟ್ಟಿಗೆಗಳ ಹಿಂಭಾಗದಲ್ಲಿ ಸೂಜಿಮೊನೆಯಿಂದ ಒತ್ತುವ ಗುಂಡಿಯೊಂದಿದ್ದು, ಅದರಿಂದ ಆಡಳಿತದ ಪಾಸ್‌ವರ್ಡನ್ನು ಹೊಸದಾಗಿ ಇಡಬಹುದು. ಆದರೆ ಒಳಗಿನ ಕಡತಗಳನ್ನೇ ಗೂಢಲಿಪಿಗೆ ತಿರುಗಿಸಿಟ್ಟಿದ್ದರೆ, ಅದರ ಕೀಲಿ ತಿಳಿಯದ ಹೊರತು ಆ ಗುಂಡಿಯಿಂದ ಪ್ರಯೋಜನವಿಲ್ಲ. ಕಳ್ಳನಿಗೆ ಮುಚ್ಚಿದ ಬಾಗಿಲು ಹೆಂಡತಿ ಮಕ್ಕಳಿಗೂ ಮುಚ್ಚಿಯೇ ಇರುತ್ತದೆ. ಯಂತ್ರಕ್ಕೆ ಅವರ ಕಣ್ಣೀರಿನ ಗುರುತಿಲ್ಲ.

ಹಿಂದಿನ ಮನೆಗಳಲ್ಲಿ ಬೀಗದ ಕೈಗೊಂಚಲು ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಬರುತ್ತಿದ್ದುದು ಅತ್ತೆ ಬದುಕಿರುವಾಗಲೇ. ಯಾವ ಕೈ ಯಾವ ಪೆಟ್ಟಿಗೆಯದು, ಯಾವ ಬೀಗವನ್ನು ಎರಡು ಸುತ್ತು ತಿರುಗಿಸಬೇಕು ಎಂಬುದನ್ನೆಲ್ಲ ಹೇಳಿಯೇ ಅದನ್ನು ಒಪ್ಪಿಸುತ್ತಿದ್ದರು. ಇಂದಿನ ನ್ಯಾಸಿಗೂ ಅಂಥದೊಂದು ಒಪ್ಪಿಸುವಿಕೆ ಬೇಕು. ಆಡಳಿತದ ಹೆಸರು, ಪಾಸ್‌ವರ್ಡು, ಗೂಢಲಿಪಿಯ ಕೀಲಿ, ಫೋನು ಕಳೆದರೆ ಬಳಸಬೇಕಾದ ಸಂಕೇತಗಳು, ಇನ್ನೊಂದು ಪ್ರತಿಯಿರುವ ಡಿಸ್ಕಿನ ನೆಲೆ, ಇವನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮನೆಯ ಇನ್ನೊಬ್ಬರಿಗೆ ತಿಳಿಯುವಂತೆ ಕಬ್ಬಿಣದ ಬೀರುವಿನಲ್ಲಿಡಬೇಕು. ವರ್ಷಕ್ಕೊಮ್ಮೆ ಪೆಟ್ಟಿಗೆಯ ಹೆಸರುಗಳ ಪಟ್ಟಿಯನ್ನು ಪರಿಶೀಲಿಸುವ ದಿನ, ಆ ಲಕೋಟೆಯನ್ನೂ ತೆರೆದು ಇನ್ನೊಬ್ಬರ ಕೈಯಿಂದ ಪೆಟ್ಟಿಗೆಯ ಬಾಗಿಲನ್ನು ಒಮ್ಮೆ ತೆಗೆಸಿ ನೋಡಬೇಕು. ಬಾಗಿಲು ತೆರೆದುಕೊಂಡರೆ ನ್ಯಾಸ ಕ್ಷೇಮವಾಗಿದೆಯೆಂದು ತಿಳಿಯಬಹುದು.